ಮಂದೆಯ ಹಿಂದೆ ಸೈಕಲ್ ತುಳಿದವರು

ಕಳೆದ ಮಾಘ ಮಾಸದ ಒಂದು ಗುರುವಾರ, ಬೆಳಗಿನ ಆರು ಗಂಟೆ. ಸ್ಥಳ, ಹಿರಿಯೂರಿನಲ್ಲಿ ನಮ್ಮ ಟೀಚರ್ ಅವರ ಮನೆ. ಇದ್ದವರು ಮೂವರು: ಅವರ ತಮ್ಮ, ತಮ್ಮನ ಸೊಸೆ ಮತ್ತು ನಾನು. ಟೀಚರ್ ಕೊನೆಯುಸಿರು ಬಿಟ್ಟಾಗ ಹೊರಗೆ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ನಾಡಿ ನೋಡಿದೆ, ಕಣ್ಣು ಮುಚ್ಚಿದೆ, ಗಡಿಯಾರ ನೋಡಿ ತಮ್ಮನಿಗೆ ಹೇಳಿದೆ. ಆಸ್ಪತ್ರೆಯ ಕೆಲಸದಲ್ಲಿದ್ದಷ್ಟು ವರ್ಷವೂ ಇವನ್ನು ಇದೇ ಕ್ರಮದಲ್ಲಿ ಮಾಡಿದವಳು. ಅಂದೂ ಕ್ರಮ ತಪ್ಪಲಿಲ್ಲ.

ತಮ್ಮನಿಗೂ ವಯಸ್ಸಾಗಿದೆ. ಕಂಬಕ್ಕೆ ಒರಗಿ ಕೂತರು. ಆಮೇಲೆ, ಐಮಂಗಲದ ಕಡೆಯಿಂದ ಮನೆತನದ ಹೆಂಗಸರು ಬರುವವರೆಗೆ ಮೈ ತೊಳೆಯುವುದನ್ನು ತಡೆಯಬಹುದೇ ಎಂದು ಕೇಳಿದರು. ತಡೆದರೆ ಕೈಕಾಲು ಸೆಡೆಯುತ್ತವೆ ಎಂದೆ.

"ಹಂಗಾರೆ ನೀವೇ ಮಾಡ್ರಿ ಸಿಸ್ಟರ್ರೇ," ಎಂದರು.

ಸೊಸೆ ಒಲೆ ಹೊತ್ತಿಸಿ ಹಂಡೆಗೆ ನೀರು ತುಂಬಿದಳು. ನೀರು ಕಾಯುವಷ್ಟು ಹೊತ್ತು ನನಗೆ ಬೇರೆ ಕೆಲಸವಿರಲಿಲ್ಲ. ಕೆಲಸವಿಲ್ಲದೆ ಕೂತು ನನಗೆ ಅಭ್ಯಾಸವಿಲ್ಲ. ಆದರೂ ಅವರ ಕಾಲ ಬಳಿ ಕೂತೆ. ಆಗ ನೆನಪಿಗೆ ಬಂದದ್ದನ್ನು, ಬಂದ ಹಾಗೆಯೇ, ಇಲ್ಲಿ ಬರೆದಿದ್ದೇನೆ.

ಚಿತ್ರದುರ್ಗದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ನಮಗೆ ಭೂಗೋಳ ಹೇಳುತ್ತಿದ್ದರು. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷವಾಗಿದ್ದ ಕಾಲ. ಎತ್ತರದ ಹೆಂಗಸು, ಗಂಡಸರಂತೆ ಉದ್ದುದ್ದ ಹೆಜ್ಜೆ. ಕುರಿ ಸಾಕುವ ಮನೆತನ ಅವರದು. ಓದಿ ಟೀಚರಾದ ಮೇಲೂ ಆ ಮನೆತನವನ್ನು ಅವರು ಮರೆಮಾಚಲಿಲ್ಲ, ಮೆರೆಸಲೂ ಇಲ್ಲ. ಬಯಲಿನಲ್ಲಿ ಆಡುತ್ತಿದ್ದ ನಮ್ಮನ್ನು ಒಳಗೆ ಕರೆಯಬೇಕಾದರೆ ಪೀಪಿ ಊದುತ್ತಿರಲಿಲ್ಲ. ನಾಲಗೆ ಮಡಿಸಿ 'ಹುರ್ರ್' ಎಂದು ಒಂದು ಸದ್ದು ಮಾಡುತ್ತಿದ್ದರು. ಡ್ರಿಲ್ ಮೇಷ್ಟರ ಪೀಪಿಗೆ ತಿರುಗದ ಹುಡುಗಿಯರು ಆ ಸದ್ದಿಗೆ ತಿರುಗುತ್ತಿದ್ದರು.

ಪಾಠ ಹೇಳುವಾಗ ಅವರಿಗೆ ಎರಡು ದನಿ ಇದ್ದವು. ಕಂಡದ್ದನ್ನು ಹೇಳುವಾಗ ಒಂದು, ಓದಿದ್ದನ್ನು ಹೇಳುವಾಗ ಇನ್ನೊಂದು. ಹೊಸದುರ್ಗದಿಂದ ಹಿರಿಯೂರಿಗೆ ವೇದಾವತಿ ಬರುವ ದಾರಿಯನ್ನು ಕಪ್ಪುಹಲಗೆಯ ಮೇಲೆ ಸುಣ್ಣದ ಕಡ್ಡಿ ಎತ್ತದೆ ಬರೆಯುತ್ತಿದ್ದರು. ಎಲ್ಲಿ ಮರಳು, ಎಲ್ಲಿ ಮಡು, ಎಲ್ಲಿ ಕುರಿ ಇಳಿಸಬಾರದು, ಎಲ್ಲ ಬರುತ್ತಿತ್ತು. ಹೊಳೆ ದೊಡ್ಡ ಹೊಳೆಗಳಿಗೆ ಕೂಡಿ ಕೊನೆಗೆ ಸಮುದ್ರ ಸೇರುವ ಜಾಗಕ್ಕೆ ಬಂದಾಗ ಮಾತ್ರ ದನಿ ತಗ್ಗುತ್ತಿತ್ತು. "ಇದನ್ನ ನಾನು ನೋಡಿಲ್ಲ. ಪುಸ್ತಕದಾಗೆ ಹಿಂಗೈತೆ," ಎಂದು ಹೇಳಿ ಪುಟ ತೆಗೆದು ಓದಿಸುತ್ತಿದ್ದರು.

ಹಾಗೆ ಓದಿಸಿದ ಒಂದು ದಿನ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಮುನೀರಾ ಎದ್ದು ನಿಂತು, ಸಮುದ್ರಕ್ಕೆ ಸೈಕಲ್ಲಿನಲ್ಲಿ ಹೋಗಬಹುದೇ ಎಂದು ಕೇಳಿದಳು. ಅವಳದು ದುರ್ಗದ ಹಳೆ ಪೇಟೆಯಲ್ಲಿ ಕಬ್ಬಿಣದ ಕೆಲಸದ ಮನೆ. ಅಣ್ಣನ ಸೈಕಲ್ಲನ್ನು ಕದ್ದು ಕಲಿತವಳು. ತರಗತಿಯೆಲ್ಲ ನಕ್ಕಿತು. ಟೀಚರ್ ನಗಲಿಲ್ಲ. ಕಿಟಕಿಯಿಂದ ಆಚೆ ಜೋಗಿಮಟ್ಟಿಯ ಗುಡ್ಡದ ಕಡೆ ನೋಡಿದರು. ಮಾರನೆಯ ವಾರದಿಂದ ಶಾಲೆಯ ಬಯಲಿನಲ್ಲಿ ಸೈಕಲ್ ಕಲಿಕೆ ಶುರುವಾಯಿತು. ಮೊದಲು ಬಿದ್ದು ಮೊಣಕಾಲು ತರಚಿಕೊಂಡವರು ಟೀಚರೇ.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಹೊಳಲ್ಕೆರೆಯವಳು. ದುರ್ಗದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಗಂಟೆ ಹೊಡೆದಾಗ ಏಳು, ಗಂಟೆ ಹೊಡೆದಾಗ ಉಣ್ಣು, ಗಂಟೆ ಹೊಡೆದಾಗ ಮಲಗು. ಆ ಶಿಸ್ತು ನನಗೆ ಹಿಡಿಸಿತ್ತು. ಹಿಡಿಸದೆ ಇದ್ದದ್ದು ನನ್ನ ಎದೆಗೆ. ಚಿಕ್ಕಂದಿನಿಂದಲೂ ನನಗೆ ದಮ್ಮು. ಚಳಿಗಾಲದಲ್ಲಿ ಹಾಸಿಗೆಯಲ್ಲಿ ಎದ್ದು ಕೂತು ಉಸಿರಿಗೆ ಒದ್ದಾಡುತ್ತಿದ್ದೆ. ಹಾಗೆ ಒದ್ದಾಡಿ ದೊಡ್ಡಾಸ್ಪತ್ರೆ ಸೇರಿದಾಗಲೆಲ್ಲ ಅಲ್ಲಿನ ಒಬ್ಬ ನರ್ಸಮ್ಮ ನನ್ನ ಬೆನ್ನಿಗೆ ದಿಂಬು ಕೊಟ್ಟು ಕೂರಿಸುತ್ತಿದ್ದರು. ನಾನೂ ನರ್ಸ್ ಆಗಬೇಕೆಂದು ಅಲ್ಲಿಯೇ ನಿಶ್ಚಯಿಸಿದ್ದೆ.

ಅಪ್ಪ ಹೊಳಲ್ಕೆರೆಯ ಅಡಿಕೆ ಮಂಡಿಯಲ್ಲಿ ತೂಕದವರು. ತಕ್ಕಡಿಯ ಮುಳ್ಳು ನಿಂತ ಮೇಲೆ ಯಾರು ಏನು ಹೇಳಿದರೂ ಕೇಳುವವರಲ್ಲ. "ತನ್ನ ಉಸಿರು ತಾನು ಎಳ್ಕಣಾಕೆ ಬರದೋಳು ಇನ್ನೊಬ್ರ ಉಸಿರು ಏನು ಕಾಯ್ತೀಯಾ?" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಹೊಸದುರ್ಗದ ಕಡೆ ಒಂದು ಗಂಡೂ ನೋಡಿಟ್ಟಿದ್ದರು. ಎಸ್ಸೆಸ್ಸೆಲ್ಸಿ ಮುಗಿದ ತಕ್ಷಣ ಮದುವೆ.

ಸಮುದ್ರದವರೆಗಿನ ಸೈಕಲ್ ಪ್ರವಾಸಕ್ಕೆ ಒಪ್ಪಿಗೆ ಕೇಳಲು ಟೀಚರ್ ಒಂದೊಂದು ಮನೆಗೂ ತಾವೇ ಹೋದರು. ನಮ್ಮ ಮನೆಗೆ ಬರಲಿಲ್ಲ, ಮಂಡಿಗೇ ಹೋದರು. ಅಡಿಕೆ ಮೂಟೆಯ ಮೇಲೆ ಕೂತು ಅಪ್ಪನ ಕೆಲಸ ಮುಗಿಯುವವರೆಗೆ ಕಾದರಂತೆ. ಆಮೇಲೆ ಸಮುದ್ರದ ಮಾತನ್ನೂ ನರ್ಸ್ ತರಬೇತಿಯ ಮಾತನ್ನೂ ಒಟ್ಟಿಗೇ ಎತ್ತಿದರಂತೆ. ಅಪ್ಪ ಒಂದು ಕರಾರು ಹಾಕಿದರು.

"ಕಳಿಸ್ತೀನಿ. ಎಲ್ಲೂ ಬಸ್ಸು ಲಾರಿ ಹತ್ತದಂಗೆ ಸಮುದ್ರ ಮುಟ್ಟಿದ್ಲೋ, ನರ್ಸ್ ಆಗ್ಲಿ. ಅರ್ಧದಾಗೆ ಹತ್ತಿದ್ಲೋ, ಮದ್ವೆ. ಆಮ್ಯಾಕೆ ನೀವು ಬಂದು ಕೇಳಂಗಿಲ್ಲ."

ಟೀಚರ್ "ಆಯ್ತು" ಎಂದಷ್ಟೇ ಹೇಳಿ ಎದ್ದರಂತೆ. ಈ ಕರಾರನ್ನು ನನಗೆ ಹೇಳಿದವರು ಅಪ್ಪ. ಟೀಚರ್ ದಾರಿಯುದ್ದಕ್ಕೂ ಅದರ ಹೆಸರೆತ್ತಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಹೊರಟೆವು. ಗುಡ್ಡದಿಂದ ಸಮುದ್ರಕ್ಕೆ ಎಂದ ಮೇಲೆ ಗುಡ್ಡದಿಂದಲೇ ಹೊರಡಬೇಕು ಎಂದು ಟೀಚರ್ ಹಟ ಹಿಡಿದದ್ದರಿಂದ ಮೊದಲು ಜೋಗಿಮಟ್ಟಿಗೆ ಸೈಕಲ್ ತಳ್ಳಿಕೊಂಡು ಹತ್ತಿದೆವು. ಅಲ್ಲಿ, ಜೊತೆಗೆ ಹೊರಟಿದ್ದ ಡ್ರಿಲ್ ಮೇಷ್ಟರು ನಮ್ಮನ್ನು ಸಾಲು ಮಾಡಿದರು. ಅವರು ಶಿಸ್ತಿನ ಮನುಷ್ಯ, ಒಳ್ಳೆಯವರು. ಗಟ್ಟಿಗಿತ್ತಿಯರನ್ನು ಮುಂದೆ ನಿಲ್ಲಿಸಿ ನನ್ನನ್ನು ಕಟ್ಟಕಡೆಗೆ ಹಾಕಿದರು. ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಟೀಚರ್ ಬಂದು ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದು ಎಲ್ಲರ ಮುಂದೆ ತಂದು ನಿಲ್ಲಿಸಿದರು.

"ಇವಳು ಮುಂದಿದ್ರೆ ದಿನಾ ಅರ್ಧ ದಾರಿಗೇ ಸೂರ್ಯ ಮುಳುಗ್ತಾನೆ ಮೇಡಂನೋರೇ," ಎಂದರು ಡ್ರಿಲ್ ಮೇಷ್ಟರು.

"ಮುಳುಗ್ಲಿ ಬಿಡ್ರಿ ಸಾರ್. ಕುಂಟೋ ಕುರಿ ಹಿಂದೆ ಬಿಟ್ರೆ ತೋಳದ ಪಾಲು. ಅದು ಮುಂದಿದ್ರೆ ಉಳಿದವು ಅದರ ನಡಿಗಿಗೆ ನಡೀತಾವೆ."

ಟೀಚರ್ ಸ್ವತಃ ಎಲ್ಲರ ಹಿಂದೆ ನಿಂತರು. ಕುರುಬ ಯಾವತ್ತೂ ಮಂದೆಯ ಹಿಂದೆ ಇರುತ್ತಾನೆ, ಮುಂದೆ ಹೋಗುವವನಿಗೆ ಏನು ಉದುರಿತು ಎಂದು ಕಾಣುವುದಿಲ್ಲ ಎನ್ನುವುದು ಅವರ ಲೆಕ್ಕಾಚಾರ. ಹೀಗೆ ನನ್ನ ಜೀವನದಲ್ಲಿ ಮೊದಲ ಸಲ ನಾನು ಮುಂದಾಳಾದೆ. ಮುನೀರಾ ನನ್ನ ಹಿಂದಿನ ಸೈಕಲ್. "ಲೇ, ಇಂಜಿನ್ನೇ ಹೊಗೆ ಬಿಡ್ತಾ ಐತೆ, ನಾವು ಬೋಗಿಗಳು ಏನ್ಮಾಡಾಣ?" ಎಂದು ನನ್ನ ಏದುಸಿರನ್ನು ಆಡಿಕೊಂಡು ನಗಿಸುತ್ತಿದ್ದಳು. ಅವಳ ಕುಚೋದ್ಯವೂ ನನಗೆ ಔಷಧವೇ ಆಗಿತ್ತು.

ಹೊಳಲ್ಕೆರೆ ದಾಟುವಾಗ ಅಪ್ಪ ಮಂಡಿಯ ಬಾಗಿಲಲ್ಲಿ ನಿಂತಿದ್ದರು. ಕೈ ಎತ್ತಲಿಲ್ಲ. ನಾನೂ ಬೆಲ್ ಹೊಡೆಯಲಿಲ್ಲ.

ತಂಗುವ ಊರಿನಲ್ಲಿ ಟೀಚರ್ ಮಾಡುತ್ತಿದ್ದ ಕೆಲಸ ಬೇರೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ. ಹೋದ ಕೂಡಲೇ ಜಾಗ ಕೊಡಿ ಎಂದು ಕೇಳುತ್ತಿರಲಿಲ್ಲ. "ನಿಮ್ಮಲ್ಲಿ ಏನು ಕೆಲಸ ಉಳಿದೈತೆ?" ಎಂದು ಕೇಳುತ್ತಿದ್ದರು. ಒಂದೂರಿನಲ್ಲಿ ಕಣ ಗುಡಿಸಿದೆವು. ಇನ್ನೊಂದರಲ್ಲಿ ಶಾಲೆಯ ಗೋಡೆಗೆ ಸುಣ್ಣ ಬಳಿದೆವು. ಭದ್ರಾವತಿಯ ಹತ್ತಿರ ಒಬ್ಬ ಮುದುಕಿಯ ಮನೆಯ ತೊಟ್ಟಿ ತುಂಬುವವರೆಗೆ ಬಾವಿಯಿಂದ ನೀರು ಸೇದಿದೆವು. ನಾವೇನು ಕೂಲಿಗೆ ಬಂದಿದ್ದೇವೆಯೇ ಎಂದು ಡ್ರಿಲ್ ಮೇಷ್ಟರು ಗೊಣಗಿದರು. ಟೀಚರ್ ಸಮಾಧಾನವಾಗಿ ಹೇಳಿದರು: ಸುಗ್ಗಿ ಮುಗಿದ ಮೇಲೆ ತಮ್ಮ ಅಪ್ಪ ಇದೇ ದಾರಿಯಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದರು. ರೈತರು ರಾತ್ರಿ ತಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡು ಕಾಳು ಕೊಡುತ್ತಿದ್ದರು, ಮಂದೆ ಗೊಬ್ಬರ ಕೊಡುತ್ತಿತ್ತು. "ಮಂದೆ ಎದ್ದು ಹೋದ ಹೊಲ ಮೊದಲಿಗಿಂತ ಚೆನ್ನಾಗಿರ್ಬೇಕು ಸಾರ್. ಇಲ್ಲಾಂದ್ರೆ ಬರೋ ವರ್ಷ ನಿಲ್ಲಾಕೆ ಬಿಡಾಕಿಲ್ಲ." ಬರುವ ವರ್ಷ ನಾವು ಇಲ್ಲಿಗೆ ಬರುವುದಿಲ್ಲವಲ್ಲ ಎಂದರು ಮೇಷ್ಟರು. ಬೇರೆ ಯಾರೋ ಬರುತ್ತಾರೆ ಎಂದರು ಟೀಚರ್. ಮಾರನೆಯ ದಿನ ಪೊರಕೆ ಹಿಡಿದವರಲ್ಲಿ ಮೇಷ್ಟರೂ ಇದ್ದರು.

ಭದ್ರಾವತಿ ದಾಟಿದ ಮೇಲೆ ಟೀಚರ್ ಸೈಕಲ್ ನಿಲ್ಲಿಸಿ ಸುತ್ತ ನೋಡಿದರು. ಇಲ್ಲಿಯವರೆಗೆ ತಾವು ಚಿಕ್ಕವರಿದ್ದಾಗ ಕುರಿಯ ಹಿಂದೆ ಬಂದದ್ದುಂಟು, ಇಲ್ಲಿಂದಾಚೆಗೆ ತಮಗೂ ಹೊಸದು ಎಂದರು. ಗೊತ್ತಿಲ್ಲ ಎನ್ನುವುದನ್ನು ಇಷ್ಟು ನಿರಾಳವಾಗಿ ಹೇಳುವ ದೊಡ್ಡವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮುಂದೆ ವಾರ್ಡಿನಲ್ಲಿ ಹೊಸ ಡಾಕ್ಟರುಗಳಿಗೂ ಹುಡುಗಿಯರಿಗೂ ನಾನು ಇದನ್ನೇ ಹೇಳುತ್ತಿದ್ದೆ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ರೋಗಿ ಉಳಿಯುತ್ತಾನೆ.

ಸಾಗರ ಪೇಟೆಯವರೆಗೆ ನನ್ನ ಎದೆ ತಡೆದುಕೊಂಡಿತು. ಸಾಗರ ಬಿಟ್ಟ ಬೆಳಿಗ್ಗೆ ದಾರಿಯ ತುಂಬ ಮಂಜು. ನಮ್ಮ ಸೀಮೆಯವರಿಗೆ ಒಣ ಚಳಿ ಗೊತ್ತು, ಆ ಒದ್ದೆ ಚಳಿ ಗೊತ್ತಿಲ್ಲ. ಮೈಲಿ ಕಲ್ಲೊಂದರ ಹತ್ತಿರ ನನ್ನ ಉಸಿರು ಕಟ್ಟಿಕೊಂಡಿತು. ಸೈಕಲ್ಲಿನಿಂದ ಇಳಿದದ್ದಲ್ಲ, ಬಿದ್ದೆ. ಟೀಚರ್ ಹಿಂದಿನಿಂದ ಓಡಿ ಬಂದು ನನ್ನನ್ನು ಆ ಕಲ್ಲಿನ ಮೇಲೆ ಕೂರಿಸಿ, ಮುಂದಕ್ಕೆ ಬಗ್ಗಿಸಿ, ಸೈಕಲ್ಲಿನ ಸೀಟಿಗೆ ಮೊಣಕೈ ಊರಿಸಿದರು. ಹುಡುಗಿಯರನ್ನು ದೂರ ಸರಿಸಿದರು. ಡಾಕ್ಟರು ಕೊಟ್ಟಿದ್ದ ಮಾತ್ರೆ ನುಂಗಿಸಿದರು. ಎದೆಯಲ್ಲಿ ಕೊಳಲಿನಂತೆ ಸದ್ದು. ಬಾಯಿಂದ ಮಾತು ಹೊರಡದು.

ಅಷ್ಟರಲ್ಲಿ ಸಾಗರದ ಕಡೆಯಿಂದ ಒಂದು ಬಸ್ಸು ಬಂತು. ಡ್ರಿಲ್ ಮೇಷ್ಟರು ರಸ್ತೆಗೆ ಅಡ್ಡ ನಿಂತು ಕೈ ತೋರಿಸಿದರು. ಬಸ್ಸು ನಿಂತಿತು. ಮೇಷ್ಟರ ಮಾತು ಸರಿಯಾಗಿಯೇ ಇತ್ತು. ಹುಡುಗಿಯ ಜೀವ ಮುಖ್ಯ, ಅವಳನ್ನು ಬಸ್ಸಿಗೆ ಹತ್ತಿಸೋಣ. ಜೊತೆಗೆ ಮಾರನೆಯ ದಿನ ಹೊನ್ನಾವರದಲ್ಲಿ ನಮಗೊಂದು ಸ್ವಾಗತ ಏರ್ಪಾಡಾಗಿತ್ತು. ಇಲಾಖೆಯ ಅಧಿಕಾರಿಯೊಬ್ಬರು ಅದಕ್ಕೆಂದೇ ಬರುವವರಿದ್ದರು. ಒಬ್ಬಳಿಗಾಗಿ ಎಲ್ಲರೂ ತಡವಾದರೆ ಶಾಲೆಯ ಮರ್ಯಾದೆ ಹೋಗುತ್ತದೆ. ಕಂಡಕ್ಟರ್ ಬಾಗಿಲು ತೆರೆದು ಹಿಡಿದು, ಹತ್ತುತ್ತೀರೋ ಇಲ್ಲವೋ ಎಂದು ಕೇಳುತ್ತಿದ್ದ.

ನಾನು ಆ ಬಾಗಿಲ ಮೆಟ್ಟಿಲನ್ನೇ ನೋಡುತ್ತಿದ್ದೆ. ಅದನ್ನು ಹತ್ತಿದರೆ ಎಲ್ಲಿ ಇಳಿಯುತ್ತೇನೆ ಎಂದು ನನಗೆ ಗೊತ್ತಿತ್ತು. ಹೊಸದುರ್ಗದಲ್ಲಿ, ಯಾರದೋ ಮನೆಯ ಅಡುಗೆಮನೆಯಲ್ಲಿ.

ಟೀಚರ್ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಕೇಳಿಲ್ಲಿ. ನೀನು ಹತ್ತಿದ್ರೆ ನಾನೂ ನಿನ್ನ ಜೊತಿಗೆ ಹತ್ತೀನಿ, ನಿಮ್ಮಪ್ಪಂಗೆ ನಾನೇ ಹೇಳ್ತೀನಿ. ಹತ್ತದಿದ್ರೆ ಇಲ್ಲೇ ಕುಂತ್ಕಳಾಣ. ದಮ್ಮು ಇಳಿದ ಮ್ಯಾಕೆ ನಡ್ಕಂಡು ಹೋಗಾಣ. ನಿನ್ನ ಉಸಿರು ನಿನಗೇ ಗೊತ್ತು ಕಣವ್ವಾ. ನನಗೂ ಗೊತ್ತಿಲ್ಲ, ಮೇಷ್ಟ್ರಿಗೂ ಗೊತ್ತಿಲ್ಲ. ನೀನೇ ಹೇಳು."

ಅದುವರೆಗೆ ನನ್ನ ದಮ್ಮಿನ ಬಗ್ಗೆ ಎಲ್ಲರೂ ಹೇಳಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ತಲೆ ಅಲ್ಲಾಡಿಸಿದೆ. ಬೇಡ.

"ನೀವು ಹೋಗ್ರಿ," ಎಂದರು ಟೀಚರ್ ಕಂಡಕ್ಟರಿಗೆ. ಬಸ್ಸು ಮಂಜಿನೊಳಗೆ ಹೋಯಿತು. ಮೇಷ್ಟರು ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಜವಾಬ್ದಾರಿ ಯಾರದು ಮೇಡಂ?" ಎಂದು ಕೇಳಿದರು. "ಹಿಂದೆ ಬರೋರದು," ಎಂದರು ಟೀಚರ್.

ನರ್ಸ್ ಆಗಿ ಇಂದು ಹೇಳುವುದಾದರೆ, ಹಾಗೆ ಮಾಡಿ ಎಂದು ನಾನು ಯಾರಿಗೂ ಸಲಹೆ ಕೊಡಲಾರೆ. ಅಂಥ ಸ್ಥಿತಿಯಲ್ಲಿ ಆಸ್ಪತ್ರೆಗೆ ಹೋಗಬೇಕು. ಆದರೆ ಅವರು ಕಣ್ಣು ಮುಚ್ಚಿ ಪಂಥ ಕಟ್ಟಿದವರಲ್ಲ. ಉಗುರು ನೋಡಿದರು, ತುಟಿ ನೋಡಿದರು, ಹತ್ತಿರದ ಮನೆಯಿಂದ ಹಾಲಿಲ್ಲದ ಕಡು ಕಾಫಿ ತರಿಸಿ ಕುಡಿಸಿದರು. ತುಟಿ ನೀಲಿಯಾದರೆ ಸಿಕ್ಕಿದ ಲಾರಿಗೆ ಹಾಕುತ್ತೇನೆ, ಆಗ ನಿನ್ನನ್ನು ಕೇಳುವುದಿಲ್ಲ ಎಂದೂ ಹೇಳಿದರು. ಬಿಸಿಲೇರಿ ಮಂಜು ಕರಗಿತು. ಎದೆಯ ಸದ್ದು ಕಡಿಮೆಯಾಯಿತು. ನಾನು ಎದ್ದು ನಿಂತೆ. ಆಗ ಹುಡುಗಿಯರೆಲ್ಲ, ಯಾರೂ ಹೇಳದೆ, ತಮ್ಮ ತಮ್ಮ ಸೈಕಲ್ ಹಿಡಿದು ನಡೆಯಲು ನಿಂತರು. ನನ್ನ ಸೈಕಲ್ಲನ್ನು ಮುನೀರಾ ತನ್ನ ಇನ್ನೊಂದು ಕೈಯಲ್ಲಿ ಹಿಡಿದಳು. ಟೀಚರ್ ಅದನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. ಒರಗಿಕೊಂಡು ನಡೆಯಲು ಏನಾದರೂ ಇರಲಿ ಎಂದರು.

ಅಂದು ನಡೆದೆವು. ಮಾರನೆಯ ದಿನ ಘಟ್ಟ ಇಳಿಯುವಾಗಲೂ ನಡೆದೆವು. ಕೆಳಗೆ ಇಳಿದಂತೆ ಗಾಳಿ ಬೆಚ್ಚಗಾಯಿತು, ನನ್ನ ಎದೆ ಬಿಚ್ಚಿಕೊಂಡಿತು. ಗೇರುಸೊಪ್ಪೆ ದಾಟಿ ಮತ್ತೆ ಸೈಕಲ್ ಹತ್ತಿದೆವು. ಮಾರನೆಯ ಬೆಳಿಗ್ಗೆ ಒಂದು ತಿರುವಿನಲ್ಲಿ ಅಗಲವಾದ ನೀರು ಕಂಡಿತು. ಮಾರಿಕಣಿವೆಯ ಕೆರೆ ಬಿಟ್ಟರೆ ಬೇರೆ ದೊಡ್ಡ ನೀರು ಕಾಣದವರು ನಾವು. ಸಮುದ್ರವೇ ಬಂತೆಂದು ಎಲ್ಲರೂ ಇಳಿದೆವು. ಮೇಷ್ಟರು ಸಾಲು ಮಾಡಿಸಿ ಸೆಲ್ಯೂಟ್ ಹೊಡೆಸಿದರು. ಟೀಚರ್ ಕೂಡ ಕೈ ಮುಗಿದು ನಿಂತಿದ್ದರು. ಮುನೀರಾ ಮಾತ್ರ ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡು, "ಸಪ್ಪಗೈತೆ ಕಣ್ರೇ. ಉಪ್ಪು ಹಾಕೋದು ಮರ್ತಿದಾರೆ," ಎಂದಳು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ನಕ್ಕು, ಇದು ಶರಾವತಿ ಹೊಳೆ, ಸಮುದ್ರ ಇನ್ನೂ ಮುಂದಿದೆ ಎಂದಳು. ಎಲ್ಲರಿಗಿಂತ ಹೆಚ್ಚು ನಕ್ಕವರು ನಮ್ಮ ಭೂಗೋಳದ ಟೀಚರ್. ಆ ಹೆಂಗಸಿನ ಒದ್ದೆ ಸೀರೆಗಳನ್ನು ಹಿಂಡಿಕೊಟ್ಟು ಮುಂದೆ ಹೊರಟೆವು.

ಸಮುದ್ರ ಮುಟ್ಟಿದಾಗ ಸ್ವಾಗತದ ಚಪ್ಪರ ಬಿಚ್ಚಿದ್ದರು. ಅಧಿಕಾರಿಗಳು ಹಿಂದಿನ ದಿನವೇ ಬಂದು ಕಾದು ಹೋಗಿದ್ದರು. ಖಾಲಿ ದಂಡೆ. ನಾನು ಮುಂದಿದ್ದೆನಾದ್ದರಿಂದ ನನ್ನ ಸೈಕಲ್ಲಿನ ಚಕ್ರವೇ ಮೊದಲು ಒದ್ದೆಯಾಯಿತು. ಉಳಿದವರು ಬಂದರು. ಕೊನೆಗೆ ಟೀಚರ್ ಬಂದರು. ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಅಲೆ ಬಂದು ಹೋಗುವುದನ್ನು ಬಹಳ ಹೊತ್ತು ನೋಡಿದರು. ಶಾಲೆಗೆ ಮರಳಿದ ಮೇಲೆ ಸಮುದ್ರದ ಪಾಠವನ್ನು ಅವರು ಪುಸ್ತಕ ಮುಚ್ಚಿಟ್ಟು ಹೇಳಿದರು.

ಸೈಕಲ್ಲುಗಳನ್ನು ಲಾರಿಗೆ ಹೇರಿ ಬಸ್ಸಿನಲ್ಲಿ ಹಿಂತಿರುಗಿದೆವು. ಹೊಳಲ್ಕೆರೆಯಲ್ಲಿ ಟೀಚರ್ ನನ್ನೊಂದಿಗೆ ಇಳಿದು ಮಂಡಿಗೆ ಬಂದರು. ಅಪ್ಪ ಎಲ್ಲಿಯೂ ಹತ್ತಲಿಲ್ಲವೇ ಎಂದು ಕೇಳಿದರು. ಟೀಚರ್ ಒಂದನ್ನೂ ಮುಚ್ಚಿಡದೆ ಹೇಳಿದರು: ಸಾಗರದ ಆಚೆ ದಮ್ಮು ಬಂತು, ಬಸ್ಸು ನಿಂತಿತ್ತು, ಹತ್ತಲಿಲ್ಲ, ನಡೆದಳು. ಅವಳು ನಡೆದಳೆಂದು ನಾವೂ ನಡೆದೆವು. ಅಪ್ಪ ನನ್ನ ಕಡೆ ನೋಡಿದರು. ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವಾಗ ಅವರ ಮುಖ ಹೇಗಿರುತ್ತಿತ್ತೋ ಹಾಗೆಯೇ ಇತ್ತು.

"ಒಂದ್ಸಲಾನೂ ಬಸ್ಸು ಹತ್ತು ಅಂತ ನೀವು ಹೇಳಲಿಲ್ವಾ?" ಎಂದು ಟೀಚರನ್ನು ಕೇಳಿದರು.

"ನಾನ್ಯಾಕೆ ಹೇಳ್ಲಿ? ಉಸಿರು ಅವಳದು."

ಅಪ್ಪ ಒಳಗೆ ಹೋಗಿ ನೀರು ತಂದು ಟೀಚರಿಗೆ ಕೊಟ್ಟರು. ನರ್ಸ್ ತರಬೇತಿ ಯಾವೂರಲ್ಲಿ ಎಂದು ಕೇಳಿದರು. ಅಷ್ಟಕ್ಕೆ ಮುಗಿಯಿತು.

ಟೀಚರಿಗೆ ಅಷ್ಟಕ್ಕೆ ಮುಗಿಯಲಿಲ್ಲ. ಸ್ವಾಗತಕ್ಕೆ ತಡವಾದದ್ದಕ್ಕೆ ಇಲಾಖೆಯವರು ವಿವರಣೆ ಕೇಳಿದರು. ಡ್ರಿಲ್ ಮೇಷ್ಟರು ತಪ್ಪು ತಮ್ಮದೂ ಹೌದು ಎಂದು ಹೇಳಿದರಂತೆ. ಯಾರೂ ಕೇಳಲಿಲ್ಲ. ವರ್ಷ ಮುಗಿಯುವ ಮೊದಲೇ ಟೀಚರನ್ನು ಹೊಸದುರ್ಗದ ಕಡೆಯ ಒಂದು ಹಳ್ಳಿಗೆ ಹಾಕಿದರು. ನಾವು ಹುಡುಗಿಯರು ಅತ್ತೆವು. ಅವರು ಕಂಬಳಿ ಮಡಿಸಿ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟುತ್ತಾ, "ಆ ಕಡೆ ಮೇವು ಚೆನ್ನಾಗೈತಂತೆ," ಎಂದು ನಕ್ಕರು. ನಾನು ಹೋಗಬೇಕಿದ್ದ ಸೀಮೆಗೆ ನನ್ನ ಬದಲು ಅವರು ಹೋದರು. ಅಲ್ಲಿಯೂ ಹುಡುಗಿಯರಿಗೆ ಸೈಕಲ್ ಕಲಿಸಿದರೆಂದು ಆಮೇಲೆ ಕೇಳಿದೆ.

ಅವರು ಮದುವೆಯಾಗಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಿವೃತ್ತರಾಗಿ ತಮ್ಮನ ಜೊತೆ ಹಿರಿಯೂರಿನಲ್ಲಿ ನಿಂತರು. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಎಂದಾದರೂ ಬಂದರೆ ವಾರ್ಡಿನ ಬಾಗಿಲಲ್ಲೇ ನಿಂತು ನಾನು ಕೆಲಸ ಮಾಡುವುದನ್ನು ನೋಡಿ, ಕರೆಯದೆ ಹೊರಟುಹೋಗುತ್ತಿದ್ದರು. ಹೋದ ಮೇಲೆ ಆಯಾ ಬಂದು ಹೇಳುತ್ತಿದ್ದಳು. ಒಮ್ಮೆ ಓಡಿ ಹೋಗಿ ಗೇಟಿನಲ್ಲಿ ಹಿಡಿದೆ. ಯಾಕೆ ಮಾತಾಡಿಸದೆ ಹೊರಟಿರಿ ಎಂದು ಜಗಳವಾಡಿದೆ. "ನಿನ್ನ ಮಂದೆ ಒಳಗೈತೆ. ನೀನ್ಯಾಕೆ ಹೊರಗೆ ಬಂದಿ?" ಎಂದು ಗದರಿದರು.

ಕಳೆದ ವರ್ಷದ ಕೊನೆಯಲ್ಲಿ ಅವರು ಹಾಸಿಗೆ ಹಿಡಿದರು. ದೊಡ್ಡ ಊರಿನ ಆಸ್ಪತ್ರೆಗೆ ಸೇರಿಸೋಣ ಎಂದು ಮನೆಯವರು ಹೊರಟಾಗ ನಾನು ದುರ್ಗದಿಂದ ಬಂದೆ. ಅವರ ಹಾಸಿಗೆಯ ಪಕ್ಕ ಕೂತು, ಹೋಗೋಣವೋ ಇಲ್ಲೇ ಇರೋಣವೋ ಎಂದು ಅವರನ್ನೇ ಕೇಳಿದೆ. ಇಲ್ಲೇ ಎಂದರು. ಕೊನೆಯ ವಾರಗಳಲ್ಲಿ ನಾನು ಅಲ್ಲಿಯೇ ಉಳಿದೆ.

ನೀರು ಕಾಯಿತೆಂದು ಸೊಸೆ ಕರೆದಳು.

ಹದ ನೋಡಿದೆ. ಅವಳು ಬಾಗಿಲಲ್ಲೇ ನಿಂತಿದ್ದಳು, ಹೆಣ ಮುಟ್ಟಿ ಗೊತ್ತಿಲ್ಲದ ಹುಡುಗಿ. ಹೆದರಿಕೆಯಾದರೆ ಹೊರಗಿರು, ಇಲ್ಲವಾದರೆ ಬಾ, ನಿನ್ನಿಷ್ಟ ಎಂದೆ. ಸ್ವಲ್ಪ ತಡೆದು ಒಳಗೆ ಬಂದಳು. ಮುಖ ಮೊದಲು, ಆಮೇಲೆ ಕೈ, ಎದೆ, ಬೆನ್ನು, ಕೊನೆಗೆ ಕಾಲು. ಒಂದು ಕಡೆ ತೊಳೆದು ಒರೆಸಿ ಮುಚ್ಚಿದ ಮೇಲೆಯೇ ಇನ್ನೊಂದು ಕಡೆ ತೆರೆಯಬೇಕು ಎಂದು ಅವಳಿಗೆ ತೋರಿಸಿದೆ. ಚೆನ್ನಾಗಿ ಮಾಡಿದಳು. ಗಲ್ಲಕ್ಕೆ ಬಟ್ಟೆ ಕಟ್ಟಿದೆ. ತಲೆ ಬಾಚಿ ಜಡೆ ಹೆಣೆದೆ. ಇಳಕಲ್ ಸೀರೆ ಉಡಿಸಿ ನೆರಿಗೆ ಸರಿಮಾಡಿದೆವು.

ಹೊರಗೆ ಐಮಂಗಲದ ಹೆಂಗಸರು ಬಂದಿಳಿದ ಸದ್ದಾಯಿತು. ಅವರಲ್ಲಿ ಹಿರಿಯಳೊಬ್ಬಳು, ನಮ್ಮೋರು ಬರುವ ಮೊದಲೇ ಬೇರೆಯವರು ಯಾಕೆ ಮುಟ್ಟಿದರು ಎಂದು ಕೇಳುತ್ತಿದ್ದಳು. ತಮ್ಮನ ದನಿ ಕೇಳಿಸಿತು.

"ಅವರ ಕೆಲಸ ಅದು. ಮಾಡ್ಲಿ ಬಿಡ್ರಿ."

ಬಿಸಿನೀರಿನ ಪಾತ್ರೆಗಳನ್ನು ಬೋರಲು ಹಾಕಿಸಿದೆ. ಒದ್ದೆ ಬಟ್ಟೆ ತೆಗೆಸಿದೆ. ನೆಲ ಒರೆಸಿ, ಕೈ ತೊಳೆದುಕೊಂಡು, ಬಾಗಿಲು ತೆರೆದು ಅವರನ್ನು ಒಳಗೆ ಬರಹೇಳಿದೆ.